ನಂಬಿಕೆ ಚರ್ಚಿನ ಗೇಟಿನೊಳಗೇ ಉಳಿಯಬೇಕೆ?

ಮಾನ್ಯ ಸಂಪಾದಕರೇ,

ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೊರೆಯುವುದು ನಂಬಿಕೆಯಿಂದಲೋ ಸತ್ಕ್ರಿಯೆಗಳಿಂದಲೋ ಎಂಬ ಚರ್ಚೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಇಂದಿಗೂ ಬಿಸಿಯಾಗಿಯೇ ನಡೆಯುತ್ತದೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ ಎನ್ನುವ, ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದ 8 ಮತ್ತು 9ನೇ ವಚನಗಳನ್ನು ಬಾಯಿಪಾಠ ಒಪ್ಪಿಸುವವರು, ನಾವು ಸೃಷ್ಟಿಯಾದದ್ದೇ ಸತ್ಕ್ರಿಯೆಗಳಿಗಾಗಿ ಎನ್ನುವ 10ನೇ ವಚನ ಬರುವಷ್ಟರಲ್ಲಿ ಪುಸ್ತಕ ಮುಚ್ಚಿಬಿಡುತ್ತಾರೆ. ಕ್ಯಾಥೊಲಿಕರೂ ಪ್ರೊಟೆಸ್ಟೆಂಟ್ ಪಂಗಡದ ಲೂಥರನ್ನರೂ ಈ ವಿಷಯದಲ್ಲಿ 1999ರಲ್ಲೇ ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ. ಆ ಸುದ್ದಿ ನಮ್ಮ ಭಾನುವಾರದ ವಾದಿಗಳನ್ನು ಇನ್ನೂ ತಲುಪಿದಂತಿಲ್ಲ.

ಕಳೆದ ಏಪ್ರಿಲ್‌ನಲ್ಲಿ, ಬಳ್ಳಾರಿಯ ಬಿಸಿಲು ಹನ್ನೊಂದು ಗಂಟೆಗೇ ನೆತ್ತಿ ಸುಡುತ್ತಿದ್ದಾಗ, ಚರ್ಚಿನ ಗೇಟಿನ ಪಕ್ಕದ ಬೇವಿನ ಮರದಡಿ ಹಣ್ಣಿನ ಬುಟ್ಟಿ ಇಳಿಸಿ ಕುಳಿತಿದ್ದ ಮುದುಕಿಯೊಬ್ಬರು ಕುಡಿಯಲು ನೀರು ಕೇಳಿದರು. ಆರಾಧನೆ ಮುಗಿಸಿ ಹೊರಬಂದ ನಾವು 'ದೇವರು ಒಳ್ಳೇದು ಮಾಡಲಿ, ಅಮ್ಮ' ಎಂದು ಬೈಕ್ ಹತ್ತಿದೆವು. ನಾನೂ ಹತ್ತಿದೆ. ಎದುರಿನ ಕಿರಾಣಿ ಅಂಗಡಿಯವರು ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಬಟ್ಟೆಯೂ ಊಟವೂ ಇಲ್ಲದವರನ್ನು ಬರೀ ಹಾರೈಸಿ ಕಳುಹಿಸುವವರ ಕುರಿತು ಬೈಬಲಿನಲ್ಲಿರುವ ತನ್ನ ಪತ್ರಿಕೆಯಲ್ಲಿ ಯಾಕೋಬನು ಬರೆದದ್ದು ನಮ್ಮನ್ನೇ ನೋಡಿ ಬರೆದಂತಿದೆ.

1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ದುಡಿದ ಊರು ಇದು. ವಚನ ತಿಳಿಯದೆಂಬ ನೆಪ ನಮಗಿಲ್ಲ. ಈ ಬೇಸಿಗೆಯಲ್ಲಿ ಪ್ರತಿ ಚರ್ಚಿನ ಗೇಟಿನಲ್ಲೂ ಅರವಟಿಗೆ ಇಟ್ಟು, ದಿನಾ ನೀರು ತುಂಬಿಸುವವರ ಸರದಿಯನ್ನು ಸಭಾಪಾಲಕರೇ ಆರಾಧನೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ನಮ್ಮ ಚರ್ಚಿಗೆ ಎರಡು ಮಣ್ಣಿನ ಗಡಿಗೆಗಳನ್ನು ನಾನು ಕೊಡುತ್ತೇನೆ.

— ಸಭೆಯ ಸದಸ್ಯ, ಬಳ್ಳಾರಿ