ಅನನ್ಯಳ ಕಾಲೇಜು ರೀಫಂಡು, ನಿಮ್ಮ ಅಮೆರಿಕದ ಟ್ಯಾಕ್ಸ್ ರಿಟರ್ನು

ಕೊಲಂಬಸ್, ಒಹಾಯೊ
8 ಫೆಬ್ರವರಿ 2026

ಚಿ. ಗಿರೀಶನಿಗೂ ಚಿ. ಸೌ. ಸುಮಾಳಿಗೂ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅನನ್ಯಳ ಖಾತೆಗೆ ಕಾಲೇಜು ಹಾಕಿರುವ 2,700 ಡಾಲರ್ ವಿಷಯ ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಕಾಗದದಲ್ಲಿ ಬರೆದರೆ ಫೈಲಿನಲ್ಲಿ ಇಟ್ಟುಕೊಳ್ಳಬಹುದು, ಮುಂದಿನ ವರ್ಷಕ್ಕೂ ಬೇಕಾಗುತ್ತದೆ.

ನೀವು ಮೈಸೂರಿಗೆ ವಾಪಸಾದರೂ ಮೂವರೂ ಅಮೆರಿಕದ ಪ್ರಜೆಗಳೇ, ಹಾಗಾಗಿ ವರ್ಷ ವರ್ಷ ಅಲ್ಲಿನ ಆದಾಯ ತೆರಿಗೆ ರಿಟರ್ನಾದ ಫಾರ್ಮ್ 1040 ಹಾಕಲೇಬೇಕು. ಅನನ್ಯ ನಿಮ್ಮ ಅವಲಂಬಿತಳು. ಓದಲು ಹೊರಗಿದ್ದರೂ ಲೆಕ್ಕದಲ್ಲಿ ನಿಮ್ಮ ಮನೆಯಲ್ಲೇ ಇದ್ದಂತೆ. ಆದ್ದರಿಂದ ಅವಳ ಫೀಸಿನ ಮೇಲಿನ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್, ಅಂದರೆ ಕಾಲೇಜು ಖರ್ಚಿಗೆ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ನಿಮ್ಮ ರಿಟರ್ನಿನಲ್ಲೇ ಬರಬೇಕು. ಬಂದ ರೀಫಂಡು ಅದನ್ನು ಎಷ್ಟು ಕಡಿಮೆ ಮಾಡುತ್ತದೆ ಅನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ: ದುಡ್ಡು ಯಾವ ಬಾಬ್ತಿನದು, ಯಾವತ್ತು ಬಂತು.

ಮೊದಲು ಬಾಬ್ತು. ಕಾಲೇಜಿನ ಪೋರ್ಟಲ್‌ನಲ್ಲಿ ಎಲ್ಲಕ್ಕೂ ‘ರೀಫಂಡ್’ ಅಂತಲೇ ಬರೆದಿರುತ್ತದೆ, ಅದನ್ನು ನಂಬಬೇಡ. ಸಾಲವೋ ಸ್ಕಾಲರ್‌ಶಿಪ್ಪೋ ಬಿಲ್ಲಿಗಿಂತ ಜಾಸ್ತಿ ಬಂದು ಮಿಕ್ಕದ್ದನ್ನು ಹುಡುಗಿಗೆ ಕೊಟ್ಟರೂ ಅದೇ ಹೆಸರು. ಸಾಲದಲ್ಲಿ ಮಿಕ್ಕದ್ದು ಆದಾಯವೂ ಅಲ್ಲ, ಫೀಸು ಕಡಿಮೆಯಾದಂತೆಯೂ ಅಲ್ಲ. ಫೀಸು, ಪುಸ್ತಕಗಳ ಖರ್ಚನ್ನು ಮೀರಿ ಸ್ಕಾಲರ್‌ಶಿಪ್ ಮಿಕ್ಕಿದ್ದರೆ ಆ ಭಾಗ ಅನನ್ಯಳ ಹೆಸರಿನಲ್ಲೇ ತೆರಿಗೆಗೆ ಬರುವ ಆದಾಯ. ಕ್ರೆಡಿಟ್ಟಿಗೆ ಸಂಬಂಧಪಡುವುದು ನೀವು ಕಟ್ಟಿದ ಟ್ಯೂಷನ್ ಮತ್ತು ಕಡ್ಡಾಯ ಶುಲ್ಕ ವಾಪಸ್ ಬಂದಾಗ ಮಾತ್ರ.

ಅದನ್ನು ಬಿಡಿಸಿ ನೋಡಲು ವರ್ಷದ ಫೀಸಿನ ಬಗ್ಗೆ ಕಾಲೇಜು ಕೊಡುವ 1098-ಟಿ ಫಾರ್ಮ್ ಸಾಲದು, ಸ್ಟೂಡೆಂಟ್ ಅಕೌಂಟಿನ ಪೂರ್ತಿ ಲೆಡ್ಜರ್ ಬೇಕು. ಮಗಳು ಒಪ್ಪಿಗೆ ಕೊಡದಿದ್ದರೆ ಅಪ್ಪ ಅಮ್ಮನಿಗೂ ಕಾಲೇಜು ಅದನ್ನು ತೋರಿಸುವುದಿಲ್ಲ, ಇಲ್ಲಿನ ಕಾನೂನೇ ಹಾಗೆ. ಪೋರ್ಟಲ್‌ನಲ್ಲಿ ನಿನ್ನನ್ನು ಆಥರೈಸ್ಡ್ ಯೂಸರ್ ಮಾಡಲು ಅವಳಿಗೆ ಹೇಳು. ಅವಳು ನನಗೆ ಕಳಿಸಿದ ಪ್ರತಿಯಲ್ಲಿ 2,700 ಹೀಗೆ ಒಡೆಯುತ್ತದೆ: ಬಿಟ್ಟ ಒಂದು ಕೋರ್ಸಿನ ಟ್ಯೂಷನ್ ಮತ್ತು ಲ್ಯಾಬ್ ಶುಲ್ಕ 1,450, ಹಾಸ್ಟೆಲ್ 900, ನಿಮ್ಮದೇ ಪಾಲಿಸಿ ತೋರಿಸಿ ಮನ್ನಾ ಮಾಡಿಸಿಕೊಂಡ ಆರೋಗ್ಯ ವಿಮೆ 350. ಹಾಸ್ಟೆಲ್, ಊಟ, ವಿಮೆ, ಪಾರ್ಕಿಂಗ್ ಇವು ಯಾವುವೂ ಕ್ರೆಡಿಟ್ಟಿನ ಖರ್ಚಲ್ಲ, ಹಾಗಾಗಿ ವಾಪಸ್ ಬಂದರೂ ಕ್ರೆಡಿಟ್ಟಿಗೆ ಬಾಧೆಯಿಲ್ಲ. ವಿಮೆಯ 350 ಮರೆತುಬಿಡು. ಹಾಸ್ಟೆಲ್ಲಿನ 900 ಬೇರೆ ಕಡೆ ತಲೆನೋವು, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ದಿನಾಂಕ. ಎಲ್ಲರೂ ಎಡವುವುದು ಇಲ್ಲೇ. ವಸಂತ ಸೆಮಿಸ್ಟರಿನ ಫೀಸನ್ನು ನೀವು ಡಿಸೆಂಬರ್ 2025ರಲ್ಲೇ ಕಟ್ಟಿದ್ದೀರಿ. ಮುಂದಿನ ವರ್ಷದ ಮೊದಲ ಮೂರು ತಿಂಗಳಲ್ಲಿ ಶುರುವಾಗುವ ಅವಧಿಗೆ ಮುಂಚೆಯೇ ಕಟ್ಟಿದರೆ ಆ ಖರ್ಚು ಕಟ್ಟಿದ ವರ್ಷದ್ದೇ. 1098-ಟಿಯಲ್ಲಿ 7ನೇ ಬಾಕ್ಸಿಗೆ ಗುರುತು ಬಿದ್ದಿರುವುದು ಅದಕ್ಕೇ. ಹಾಗಾಗಿ ಜನವರಿ 20ರಂದು ಬಂದ ರೀಫಂಡು 2026ರದ್ದಾಗಿ ಕಂಡರೂ 2025ರ ಖರ್ಚಿನಿಂದಲೇ ಕಳೆಯಬೇಕಾದದ್ದು. ನಿಯಮ ಇಷ್ಟು: ಕಟ್ಟಿದ ವರ್ಷದಲ್ಲೇ ವಾಪಸ್ ಬಂದರೆ ಆ ವರ್ಷದಿಂದ ಕಳೆ. ವರ್ಷ ಮುಗಿದ ಮೇಲೆ, ಆದರೆ ಆ ವರ್ಷದ ರಿಟರ್ನ್ ಹಾಕುವ ಮೊದಲು ಬಂದರೂ ಆ ವರ್ಷದಿಂದಲೇ ಕಳೆ. ರಿಟರ್ನ್ ಹಾಕಿದ ಮೇಲೆ ಬಂದರೆ ದಾರಿ ಬೇರೆ. ನೀವಿನ್ನೂ ಹಾಕಿಲ್ಲ, ಆದ್ದರಿಂದ ಎರಡನೆಯದು.

ಆದರೆ ನಿಮ್ಮ ಕೈಗೆ ಬಂದಿರುವ 1098-ಟಿಗೆ ಇದು ಗೊತ್ತಿಲ್ಲ. ಅದು ಡಿಸೆಂಬರ್ 31ರವರೆಗಿನ ಲೆಕ್ಕ. 1ನೇ ಬಾಕ್ಸಿನಲ್ಲಿ 11,800 ಇದೆ, ಸ್ಕಾಲರ್‌ಶಿಪ್ಪಿನ ದುಡ್ಡೂ ಅದರೊಳಗೇ ಸೇರಿದೆ. 5ನೇ ಬಾಕ್ಸಿನಲ್ಲಿ ಸ್ಕಾಲರ್‌ಶಿಪ್ 7,500. ಕಳೆದರೆ 4,300. ಕೋರ್ಸಿಗೆ ಬೇಕಾದ ಪುಸ್ತಕಗಳ 350 ಸೇರಿಸು. ಈ ಕ್ರೆಡಿಟ್ಟಿಗೆ ಪುಸ್ತಕ ಕಾಲೇಜಿನಲ್ಲೇ ಕೊಂಡಿರಬೇಕೆಂದಿಲ್ಲ, ರಸೀದಿ ಇದ್ದರಾಯಿತು. ಒಟ್ಟು 4,650. ರಿಟರ್ನ್ ತುಂಬುವ ಸಾಫ್ಟ್‌ವೇರಿಗೆ ಇಷ್ಟೇ ಕೊಟ್ಟರೆ ಅದು 4,000ದ ಮಿತಿಗೆ ನಿಲ್ಲಿಸಿ ಪೂರ್ತಿ 2,500 ಕ್ರೆಡಿಟ್ ತೋರಿಸುತ್ತದೆ. ಅದು ತಪ್ಪು. 1,450 ಕಳೆದು 3,200 ಹಾಕಬೇಕು. ಮೊದಲ 2,000ಕ್ಕೆ ಪೂರ್ತಿ, ಉಳಿದ 1,200ಕ್ಕೆ 25% ಅಂದರೆ 300, ಒಟ್ಟು 2,300. ಈ ಕ್ರೆಡಿಟ್ ಕೇಳುವ ಫಾರ್ಮ್ 8863ರ ಮೂರನೇ ಭಾಗದಲ್ಲಿ 27ನೇ ಸಾಲಿನಲ್ಲಿ 3,200, 30ನೇ ಸಾಲಿನಲ್ಲಿ 2,300 ಕಾಣಬೇಕು. ಸಾಫ್ಟ್‌ವೇರಿನಲ್ಲಿ ರೀಫಂಡ್ ಕೇಳುವ ಜಾಗ ಬೇರೆ ಪುಟದಲ್ಲಿ ಅಡಗಿರುತ್ತದೆ. ಸಿಗುವವರೆಗೆ ಹುಡುಕು, 1ನೇ ಬಾಕ್ಸಿನ ಅಂಕಿಯನ್ನೇ ತಿದ್ದಿ ಹಾಕಬೇಡ. ಕಾಲೇಜು ಸರ್ಕಾರಕ್ಕೆ ಕಳಿಸಿದ ಪ್ರತಿಯಲ್ಲಿ 11,800 ಇರುತ್ತದೆ, ನಿನ್ನದೂ ಅದಕ್ಕೆ ಹೊಂದಬೇಕು.

ಸ್ಕಾಲರ್‌ಶಿಪ್ ಇಷ್ಟು ದೊಡ್ಡದಿರದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಕೈಯಿಂದ 9,000 ಕಟ್ಟಿ 1,450 ವಾಪಸ್ ಬಂದರೂ 4,000ಕ್ಕಿಂತ ಮೇಲೇ ಉಳಿಯುತ್ತದೆ, ಕ್ರೆಡಿಟ್ 2,500 ಅಲುಗುವುದಿಲ್ಲ.

ನಿಮ್ಮ ಮಟ್ಟಿಗೆ ಇನ್ನೊಂದು ತಿರುವಿದೆ. ಈ ಕ್ರೆಡಿಟ್ಟಿನಲ್ಲಿ 40% ಮಾತ್ರ ತೆರಿಗೆ ಇಲ್ಲದಿದ್ದರೂ ಕೈಗೆ ಬರುತ್ತದೆ, ಉಳಿದ 60% ಅಮೆರಿಕಕ್ಕೆ ಕೊಡಬೇಕಾದ ತೆರಿಗೆ ಇದ್ದರೆ ಅದನ್ನು ತಗ್ಗಿಸುತ್ತದೆ, ಅಷ್ಟೆ. ಗಿರೀಶ, ನಿನ್ನ ಸಂಬಳಕ್ಕೆ ಭಾರತದಲ್ಲೇ ತೆರಿಗೆ ಕಟ್ಟಿ ಅದರ ಫಾರಿನ್ ಟ್ಯಾಕ್ಸ್ ಕ್ರೆಡಿಟ್ ತಗೊಂಡ ಮೇಲೆ ಅಮೆರಿಕದ ತೆರಿಗೆ ಸೊನ್ನೆಗೆ ಇಳಿಯುತ್ತದೆ. ಆಗ 60%ಗೆ ಕೆಲಸವಿಲ್ಲ. 2,500 ಇದ್ದಿದ್ದರೆ ಕೈಗೆ 1,000, ಈಗ 2,300ಕ್ಕೆ 920. ಅಂದರೆ 1,450ರ ರೀಫಂಡಿನಿಂದ ನಿಮಗಾಗುವ ನಷ್ಟ 80 ಡಾಲರ್. ಅಷ್ಟಕ್ಕೆ ಇಷ್ಟುದ್ದ ಕಾಗದವೇ ಅಂತ ಸುಮಾ ನಗಬಹುದು. ಆದರೆ ನಿಯಮವನ್ನು ಲೆಕ್ಕಿಸದೆ ಅಜಾಗರೂಕತೆಯಿಂದ ಕ್ರೆಡಿಟ್ ತಗೊಂಡದ್ದು ಅಂತ ಅಮೆರಿಕದ ತೆರಿಗೆ ಇಲಾಖೆಯವರು ತೀರ್ಮಾನಿಸಿದರೆ ಎರಡು ವರ್ಷ ಅದನ್ನು ಕೇಳುವಂತೆಯೇ ಇಲ್ಲ, ಅನನ್ಯಳ ಓದು ಮುಗಿಯುವುದೇ ಅಷ್ಟರಲ್ಲಿ. ಒಬ್ಬ ವಿದ್ಯಾರ್ಥಿಗೆ ಸಿಗುವುದು ಒಟ್ಟು ನಾಲ್ಕೇ ವರ್ಷ. ಆದಾಯದ ಮಿತಿ ಜಂಟಿ ರಿಟರ್ನಿಗೆ 1,60,000 ಡಾಲರಿನಿಂದ ಇಳಿಯಲು ಶುರುವಾಗಿ 1,80,000ಕ್ಕೆ ಮುಗಿಯುತ್ತದೆ. ಫಾರ್ಮ್ 2555ರಲ್ಲಿ ವಿದೇಶಿ ಸಂಬಳವನ್ನು ಹೊರಗಿಟ್ಟರೂ ಈ ಮಿತಿಗೆ ಅದನ್ನು ಮತ್ತೆ ಕೂಡಿಸುತ್ತಾರೆ. ನೀವಿಬ್ಬರೂ ಬೇರೆ ಬೇರೆ ರಿಟರ್ನ್ ಹಾಕಿದರಂತೂ ಕ್ರೆಡಿಟ್ ಪೂರ್ತಿ ಹೋಗುತ್ತದೆ.

ಮುಂದಿನ ಜನವರಿಯಲ್ಲಿ ಬರುವ 1098-ಟಿಯ 4ನೇ ಬಾಕ್ಸಿನಲ್ಲಿ ಈ 1,450 ಮತ್ತೆ ತಲೆ ಎತ್ತುತ್ತದೆ. ಆ ಬಾಕ್ಸು ಹಿಂದಿನ ವರ್ಷದ ಫೀಸಿನ ತಿದ್ದುಪಡಿಗೆ. ಅದನ್ನು 2026ರ 1ನೇ ಬಾಕ್ಸಿನಿಂದ ಕಳೆಯಬೇಡ, ಈಗಾಗಲೇ ಕಳೆದಾಗಿರುತ್ತದೆ. ಲೆಡ್ಜರಿನ ಪ್ರತಿಯ ಮೇಲೆ ‘1,450, 2025ರ ರಿಟರ್ನಿನಲ್ಲಿ ಕಳೆದಿದೆ’ ಅಂತ ಕೈಯಲ್ಲೇ ಬರೆದು ಫೈಲಿಗೆ ಹಾಕು. 6ನೇ ಬಾಕ್ಸಿನಲ್ಲಿ ಏನಾದರೂ ಬಂದರೆ ಅದು ತದ್ವಿರುದ್ಧ. ಹಿಂದಿನ ವರ್ಷದ ಸ್ಕಾಲರ್‌ಶಿಪ್ ಇಳಿದಿದೆ, ಆ ವರ್ಷದ ಕ್ರೆಡಿಟ್ ಏರಬಹುದು, ಅದಕ್ಕೆ ತಿದ್ದಿದ ರಿಟರ್ನ್, ಅಂದರೆ 1040-ಎಕ್ಸ್, ಹಾಕಬೇಕಾಗಬಹುದು.

ಆದರೆ ರಿಟರ್ನ್ ಹಾಕಿದ ಮೇಲೆ ರೀಫಂಡ್ ಬಂದರೆ 1040-ಎಕ್ಸ್ ಬೇಡ, ಎಷ್ಟೋ ಮಂದಿ ಸುಮ್ಮನೆ ಅದಕ್ಕೆ ಕೈ ಹಾಕುತ್ತಾರೆ. ಹಳೆಯ 8863ರ ಪ್ರತಿ ತೆಗೆದು, ರೀಫಂಡು ಆಗಲೇ ಗೊತ್ತಿದ್ದಂತೆ ಲೆಕ್ಕ ಮತ್ತೆ ಮಾಡಿ, ಎಷ್ಟು ಹೆಚ್ಚು ಕ್ರೆಡಿಟ್ ತಗೊಂಡಿದ್ದೀರೋ ಅಷ್ಟನ್ನು ರೀಫಂಡ್ ಬಂದ ವರ್ಷದ 1040ರಲ್ಲಿ ತೆರಿಗೆಗೆ ಕೂಡಿಸಬೇಕು. 16ನೇ ಸಾಲಿನಲ್ಲಿ 3ನೇ ಚೌಕಕ್ಕೆ ಗುರುತು ಹಾಕಿ ಪಕ್ಕದಲ್ಲಿ ಮೊತ್ತ ಮತ್ತು ಇ, ಸಿ, ಆರ್ ಅನ್ನುವ ಮೂರು ಇಂಗ್ಲಿಷ್ ಅಕ್ಷರ. ನಿಮ್ಮ ಲೆಕ್ಕದಲ್ಲಿ ಅದು 80 ಡಾಲರ್ ಆಗುತ್ತಿತ್ತು, 1,450 ಅಲ್ಲ. ಹೊರದೇಶದಲ್ಲಿರುವ ಪ್ರಜೆಗಳಿಗೆ ತಾನಾಗಿಯೇ ಜೂನ್ 15ರವರೆಗೆ ಗಡುವು ಸಿಗುತ್ತದೆ, ತೆರಿಗೆ ಬಾಕಿ ಇದ್ದರೆ ಮಾತ್ರ ಏಪ್ರಿಲ್ 15ರಿಂದ ಬಡ್ಡಿ. ಬಾಕಿ ಇಲ್ಲದ ನಿಮ್ಮಂಥವರು ಫೆಬ್ರವರಿಯಲ್ಲೇ ಓಡುವ ಬದಲು ಸೆಮಿಸ್ಟರಿನ ಲೆಕ್ಕ ತಣ್ಣಗಾಗುವವರೆಗೆ ಕಾಯುವುದೇ ಮೇಲು ಅಂತ ನನ್ನ ಅಭಿಪ್ರಾಯ. ಆಗ ಎಲ್ಲವೂ ಒಂದೇ ರಿಟರ್ನಿನಲ್ಲಿ ಮುಗಿಯುತ್ತದೆ.

ಹಾಸ್ಟೆಲ್ಲಿನ 900ಕ್ಕೆ ಮಾತ್ರ ಕಾಯುವಂತಿಲ್ಲ. ಹಾಸ್ಟೆಲ್ ಫೀಸು ಹೋದದ್ದು 529 ಖಾತೆಯಿಂದ, ಅಂದರೆ ಓದಿಗೆಂದೇ ತೆರಿಗೆ ರಿಯಾಯಿತಿಯಲ್ಲಿ ಕೂಡಿಟ್ಟ ಉಳಿತಾಯದಿಂದ. ಆ ಖಾತೆಗೆ ವಸತಿ, ಊಟವೂ ಅರ್ಹ ಖರ್ಚೇ, ಅಲ್ಲಿ ಕ್ರೆಡಿಟ್ಟಿನ ನಿಯಮ ನಡೆಯುವುದಿಲ್ಲ. ಖರ್ಚೇ ವಾಪಸ್ ಬಂದ ಮೇಲೆ ತೆಗೆದ 900ಕ್ಕೆ ಆಧಾರ ಇಲ್ಲದಂತಾಗುತ್ತದೆ. ಅದರಲ್ಲಿ ಲಾಭದ ಪಾಲಿಗೆ ತೆರಿಗೆ, ಮೇಲೆ 10% ದಂಡ. ತಪ್ಪಿಸಿಕೊಳ್ಳಲು ರೀಫಂಡ್ ಬಂದ 60 ದಿನದೊಳಗೆ ಆ 900ನ್ನು ಅನನ್ಯಳ ಹೆಸರಿನ 529 ಖಾತೆಗೇ ಮತ್ತೆ ಕಟ್ಟಬೇಕು. 2015ರ ಕಾನೂನಿನಿಂದ ಈ ಅನುಕೂಲ ಬಂದಿದೆ. ಜನವರಿ 20ಕ್ಕೆ 60 ದಿನ ಸೇರಿಸಿದರೆ ಮಾರ್ಚ್ 21, ಅದು ಶನಿವಾರ. ಲೆಡ್ಜರಿನ ತಾರೀಖು ಬ್ಯಾಂಕಿನ ತಾರೀಖಿಗಿಂತ ಮುಂಚಿನದಿದ್ದರೆ ಅದನ್ನೇ ಹಿಡಿ. ದುಡ್ಡು ಅನನ್ಯಳ ಖಾತೆಯಲ್ಲಿದೆ, ಈ ತಿಂಗಳೇ ಅವಳಿಂದ ಕಟ್ಟಿಸು. ಕಟ್ಟುವಾಗ ಇದು ಕಾಲೇಜಿನ ರೀಫಂಡಿನ ಮರುಜಮೆ ಅಂತ ಪ್ಲಾನಿನವರ ಫಾರ್ಮಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಹೊಸ ಜಮೆ ಅಂತ ಬರೆದುಕೊಳ್ಳುತ್ತಾರೆ. 900ಕ್ಕಿಂತ ಒಂದು ಡಾಲರೂ ಜಾಸ್ತಿ ಬೇಡ. ಈ ಸೌಲಭ್ಯ ಕಾಲೇಜು ಕೊಟ್ಟ ರೀಫಂಡಿಗೆ ಮಾತ್ರ. ಅವಳೀಗ ಹೊರಗೆ ಹಿಡಿದಿರುವ ಮನೆಯ ಮಾಲೀಕ ನಾಳೆ ಬಾಡಿಗೆ ವಾಪಸ್ ಕೊಟ್ಟರೆ ಅದಕ್ಕಿಲ್ಲ. ಕ್ರೆಡಿಟ್ಟಿಗೆ ತೋರಿಸುವ 3,200ರ ಖರ್ಚನ್ನು 529ರಿಂದ ಕೊಟ್ಟದ್ದೆಂದೂ ತೋರಿಸಬಾರದು. ನೀವು ಅದನ್ನು ಮೈಸೂರಿನ ಬ್ಯಾಂಕಿನಿಂದ ಕಟ್ಟಿದ್ದರಿಂದ ಆ ತಂಟೆಯಿಲ್ಲ.

ಸುಮಾ ಕೇಳಿದ್ದಳು, ಮಗಳು ಸೆಮಿಸ್ಟರನ್ನೇ ಬಿಟ್ಟರೆ ಏನು ಗತಿ ಅಂತ. ವಾಪಸ್ ಬಾರದ ಟ್ಯೂಷನ್ನಿಗೆ ಕ್ರೆಡಿಟ್ ಸಿಗುತ್ತದೆ, ಬಿಟ್ಟಳೆಂದು ತಪ್ಪುವುದಿಲ್ಲ. ಫೆಡರಲ್ ಸಾಲ ಇದ್ದು ಅವಧಿಯ 60% ಮುಗಿಯುವ ಮುಂಚೆ ಬಿಟ್ಟರೆ ಒಂದಷ್ಟು ಸಾಲವನ್ನು ಕಾಲೇಜು ನೇರ ಹಿಂದಕ್ಕೆ ಕಳಿಸುತ್ತದೆ. ನಿಮ್ಮ ಕೈಗೆ ಬಾರದಿದ್ದರೂ, ಅದರಿಂದ ಕಟ್ಟಿದ್ದ ಟ್ಯೂಷನ್ ಪಾಲು ವಾಪಸಾದಂತೆಯೇ ಲೆಕ್ಕ. ಟ್ಯೂಷನ್ ಇನ್ಶೂರೆನ್ಸ್ ಕೊಟ್ಟ ದುಡ್ಡೂ ಹಾಗೆಯೇ, ಅದು ವಿಮೆಯವರು ಕೊಡುವ 1098-ಟಿಯ 10ನೇ ಬಾಕ್ಸಿನಲ್ಲಿರುತ್ತದೆ.

ಭಾರತದ ರಿಟರ್ನಿನಲ್ಲಿ ಇದಕ್ಕೆ ಜಾಗವಿಲ್ಲ. 80ಸಿ ಟ್ಯೂಷನ್ ಕಡಿತ ಭಾರತದೊಳಗಿನ ಸಂಸ್ಥೆಗಳಿಗೆ ಮಾತ್ರ. ನೀವು ಕಳಿಸಿದ್ದು ವರ್ಷಕ್ಕೆ 10 ಲಕ್ಷ ದಾಟಿಲ್ಲವಾದ್ದರಿಂದ ಟಿಸಿಎಸ್ (ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಮೊದಲೇ ಹಿಡಿಯುವ ತೆರಿಗೆ) ಕೂಡ ಹಿಡಿದಿರಬಾರದು. ಹಿಡಿದಿದ್ದರೆ ನಿನ್ನ ತೆರಿಗೆ ಜಮೆಗಳ ಪಟ್ಟಿಯಾದ 26ಎಎಸ್‌ನಲ್ಲಿ ನೋಡಿ ರಿಟರ್ನಿನಲ್ಲಿ ವಾಪಸ್ ಕೇಳು.

ಶಿವಮೊಗ್ಗದ ಚಿಕ್ಕಪ್ಪನ ಮೊಮ್ಮಗನಿಗೆ ಈ ಕಾಗದ ತೋರಿಸಬೇಡ, ಅವನ ದಾರಿಯೇ ಬೇರೆ. ಅವನು ಎಫ್-1 ವೀಸಾದಲ್ಲಿ ಬಂದು ಎರಡೇ ವರ್ಷ, ಮೊದಲ ಐದು ವರ್ಷ ಅನಿವಾಸಿಗಳ ರಿಟರ್ನಾದ 1040-ಎನ್‌ಆರ್ ಹಾಕಬೇಕಾದವನು. ಕಾಲೇಜು 1098-ಟಿ ಕೊಟ್ಟರೂ ಅವನಿಗೆ ಈ ಕ್ರೆಡಿಟ್ ಇಲ್ಲ. ಭಾರತದೊಂದಿಗಿನ ಒಪ್ಪಂದದಿಂದ ಅವನಿಗೆ ಸಿಗುವುದು ಸ್ಟ್ಯಾಂಡರ್ಡ್ ಡಿಡಕ್ಷನ್, ಬೇರೆ ದೇಶದ ವಿದ್ಯಾರ್ಥಿಗಳಿಗೆ ಅದು ಸಾಮಾನ್ಯವಾಗಿ ಇರುವುದಿಲ್ಲ. ಗೆಳೆಯರ ಮಾತು ಕೇಳಿ ಮಾಮೂಲಿ 1040 ಹಾಕಿ ಕ್ರೆಡಿಟ್ ತಗೊಂಡಿದ್ದರೆ ತೆರಿಗೆ ಇಲಾಖೆಯವರು ಕೇಳುವ ಮೊದಲೇ 1040-ಎಕ್ಸ್ ಹಾಕಿ ದುಡ್ಡು ಹಿಂದಿರುಗಿಸಲಿ, ಆ ವಿಷಯ ನಾನೇ ಅವನ ಹತ್ತಿರ ಮಾತಾಡುತ್ತೇನೆ.

8863 ತುಂಬುವಾಗ ಕಾಲೇಜಿನ ಇಐಎನ್ ಅನ್ನುವ ತೆರಿಗೆ ಗುರುತಿನ ನಂಬರ್ ಬೇಕು, 1098-ಟಿಯ ಎಡಗಡೆಯೇ ಇದೆ. ತುಂಬಿದ ಮೇಲೆ ಸಲ್ಲಿಸುವ ಮುಂಚೆ ಪಿಡಿಎಫ್ ನನಗೆ ಕಳಿಸು, 27ನೇ ಸಾಲು ಒಂದನ್ನು ನೋಡಿಬಿಡುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಅಕ್ಕ