ನಾಸ್ತಿಕರಲ್ಲ, ಗ್ನಾಸ್ಟಿಕರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಸಂದೇಶ ಓದಿ ತಬ್ಬಿಬ್ಬಾದೆ. ‘ಆರಂಭದ ಕ್ರೈಸ್ತರಲ್ಲಿ ನಾಸ್ಟಿಕರೂ ಇದ್ದರಂತೆ, ನಿಜವೇ?’ ಎಂದು ಕೇಳಿದ್ದೆ. ಕನ್ನಡಕ ಹಾಕಿಕೊಂಡಿರಲಿಲ್ಲ, ನಾಸ್ತಿಕರು ಎಂದೇ ಓದಿಕೊಂಡು, ದೇವರಿಲ್ಲ ಎನ್ನುವವರಿಗೆ ಇಗರ್ಜಿಯಲ್ಲಿ ಏನು ಕೆಲಸವಿತ್ತು ಎಂದು ಯೋಚಿಸುತ್ತ ಕುಳಿತೆ. ಇಂಗ್ಲಿಷಿನವರು ಮೊದಲಿನ ಗಕಾರವನ್ನು ನುಂಗಿ ನಮಗೆ ಈ ಫಜೀತಿ ತಂದಿಟ್ಟಿದ್ದಾರೆ. ಗ್ರೀಕಿನಲ್ಲಿ ಅದು ಗ್ನೋಸಿಸ್, ಅಂದರೆ ಅರಿವು. ನಮ್ಮ ‘ಜ್ಞಾನ’ಕ್ಕೂ ಅದಕ್ಕೂ ಬೇರು ಒಂದೇ. ದೇವರಿಲ್ಲ ಎನ್ನುವುದು ಹಾಗಿರಲಿ, ಅವರಿಗೆ ಒಬ್ಬ ದೇವರು ಸಾಲದೆ ಹೋದದ್ದೇ ಜಗಳಕ್ಕೆ ಮೂಲ.

‘ಇದು ನಮ್ಮ ಅದ್ವೈತವೇ ಅಲ್ಲವೇ’ ಎಂದು ಕೊನೆಗೆ ಸೇರಿಸಿದ್ದೀಯಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ಗ್ನಾಸ್ಟಿಕರು ಒಂದೇ ಪಂಗಡದವರಲ್ಲ, ಹೊರಗಿನಿಂದ ಬಂದು ನುಗ್ಗಿದವರೂ ಅಲ್ಲ. ಈಜಿಪ್ಟಿನ ವ್ಯಾಲೆಂಟೈನಸ್ ಕ್ರಿ.ಶ. 140ರ ಸುಮಾರಿಗೆ ರೋಮ್‌ನಲ್ಲಿ ಪಾಠ ಹೇಳುತ್ತಿದ್ದ. ಅವನು ಬಿಷಪ್ ಆಗುವ ಆಸೆ ಇಟ್ಟುಕೊಂಡಿದ್ದನೆಂದು ಅವನ ವಿರೋಧಿ ಟರ್ಟುಲಿಯನ್ನನೇ ಬರೆದಿದ್ದಾನೆ. ಬೈಬಲಿನ ಹೊಸ ಒಡಂಬಡಿಕೆಯ ಪುಸ್ತಕಗಳ ಪಟ್ಟಿ ಆಗಿನ್ನೂ ಗಟ್ಟಿಯಾಗಿರಲಿಲ್ಲ. 180ರ ಸುಮಾರಿಗೆ ಲಿಯಾನ್ ನಗರದ ಬಿಷಪ್ ಐರೇನಿಯಸ್ ಇವರ ವಿರುದ್ಧ ಐದು ಸಂಪುಟ ಬರೆದಾಗ ಅವನನ್ನು ಕಾಡಿದ್ದೂ ಇದೇ: ಇವರ ಮಾತು ನಮ್ಮ ಮಾತಿನಂತೆಯೇ ಇದೆ, ಅರ್ಥ ಮಾತ್ರ ಬೇರೆ.

ವ್ಯತ್ಯಾಸವೇನು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಸಭೆಯವರು, ಅಂದರೆ ಬಿಷಪ್ಪರ ಮಾತಿನಂತೆ ನಡೆಯುವ ಕ್ರೈಸ್ತರು, ನಂಬಿಕೆಯಿಂದ ಬಿಡುಗಡೆ ಎಂದರು, ಗ್ನಾಸ್ಟಿಕರು ಅರಿವಿನಿಂದ ಎಂದರು ಎಂಬುದು. ತಪ್ಪಲ್ಲ. ಆದರೆ ನನಗೆ ಅದು ಮನೆಯನ್ನು ಹಿತ್ತಿಲಿನಿಂದ ನೋಡಿದ ಹಾಗೆ ಕಾಣುತ್ತದೆ. ಹೆಬ್ಬಾಗಿಲು ಬೇರೆ ಕಡೆ ಇದೆ: ಈ ಲೋಕವನ್ನು ಮಾಡಿದವನು ಯಾರು, ಅವನು ಒಳ್ಳೆಯವನೇ?

ದೇವರು ತಾನು ಸೃಷ್ಟಿಸಿದ್ದನ್ನು ನೋಡಿ ‘ಒಳ್ಳೆಯದು’ ಎಂದುಕೊಂಡ ಎನ್ನುತ್ತದೆ ಬೈಬಲಿನ ಆದಿಕಾಂಡ. ಸಭೆಯವರು ಅದನ್ನು ಹಾಗೆಯೇ ಒಪ್ಪಿದರು. ಗ್ನಾಸ್ಟಿಕರ ‘ಯೋಹಾನನ ರಹಸ್ಯ ಗ್ರಂಥ’ ಬೇರೆಯದೇ ಕಥೆ ಹೇಳುತ್ತದೆ. ಮೇಲೆ ಎಲ್ಲೋ ಯಾರ ಕಣ್ಣಿಗೂ ಬೀಳದ, ಹೆಸರಿಗೂ ನಿಲುಕದ ತಂದೆಯಿದ್ದಾನೆ. ಅವನಿಂದ ಹೊಮ್ಮಿದ ದಿವ್ಯಶಕ್ತಿಗಳಲ್ಲಿ ಸೋಫಿಯಾ, ಅಂದರೆ ವಿವೇಕ, ತನ್ನ ಸಂಗಾತಿಯ ಒಪ್ಪಿಗೆಯಿಲ್ಲದೆ ಒಬ್ಬಳೇ ಹೆರಲು ಹೊರಡುತ್ತಾಳೆ. ಹುಟ್ಟಿದ್ದು ಸಿಂಹದ ಮುಖದ ಸರ್ಪ. ನಾಚಿಕೆಯಿಂದ ಅದನ್ನು ಮೋಡದಲ್ಲಿ ಬಚ್ಚಿಡುತ್ತಾಳೆ. ಅದರ ಹೆಸರು ಯಾಲ್ದಬವೋತ್, ನಾವಿರುವ ಈ ಲೋಕದ ಶಿಲ್ಪಿ. ಮೇಲಿನದೇನೂ ತಿಳಿಯದ ಅವನು ‘ನಾನು ಅಸೂಯೆಯ ದೇವರು, ನನ್ನ ಹೊರತು ಬೇರೆ ದೇವರಿಲ್ಲ’ ಎಂದು ಗುಡುಗುತ್ತಾನೆ. ಆಗ ಗ್ರಂಥ ನ್ಯಾಯಾಲಯದ ವಕೀಲನಂತೆ ಒಂದು ಪಾಟೀಸವಾಲು ಹಾಕುತ್ತದೆ: ಬೇರೆ ಯಾರೂ ಇಲ್ಲದಿದ್ದರೆ ಇವನಿಗೆ ಅಸೂಯೆ ಯಾರ ಮೇಲೆ?

ಈ ಪ್ರಶ್ನೆ ಓದಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಆದರೆ ಎರಡನೇ ಶತಮಾನದ ಒಬ್ಬ ಭಕ್ತನಿಗೆ ಅದು ಎಂಥ ಏಟು, ಯೋಚಿಸು. ಅವನು ದಿನವೂ ಪ್ರಾರ್ಥಿಸುವ ಸೃಷ್ಟಿಕರ್ತನೇ ಇವರ ಪಾಲಿಗೆ ಸೆರೆಮನೆಯ ಯಜಮಾನ. ‘ಸತ್ಯದ ಸಾಕ್ಷ್ಯ’ ಎಂಬ ಇನ್ನೊಂದು ಗ್ರಂಥದಲ್ಲಿ ಏದೆನ್ ತೋಟದ ಕಥೆ ಪೂರ್ತಿ ತಿರುಗುಮುರುಗು. ಅರಿವಿನ ಹಣ್ಣು ತಿನ್ನಲು ಹೇಳಿದ ಹಾವೇ ಹಿತೈಷಿ. ಬೇಡವೆಂದವನು ಹೊಟ್ಟೆಕಿಚ್ಚಿನವನು, ‘ಆದಾಮನೇ, ಎಲ್ಲಿದ್ದೀಯೆ’ ಎಂದು ಕೇಳಬೇಕಾದಷ್ಟು ಅಜ್ಞಾನಿ.

ಎಲ್ಲರೂ ಇಷ್ಟು ಖಾರವಾಗಿರಲಿಲ್ಲ. ವ್ಯಾಲೆಂಟೈನಸ್‌ನ ಶಿಷ್ಯ ಟಾಲೆಮಿ ಫ್ಲೋರಾ ಎಂಬ ಮಹಿಳೆಗೆ ಬರೆದ ಪತ್ರ ಉಳಿದುಬಂದಿದೆ. ‘ಸಹೋದರಿ’ ಎಂದು ಕರೆದು, ಮೋಶೆಯ ಧರ್ಮಶಾಸ್ತ್ರ ಕೊಟ್ಟವನು ಪರಮ ದೇವರೂ ಅಲ್ಲ, ಸೈತಾನನೂ ಅಲ್ಲ, ನಡುವಿನ ಒಬ್ಬ ನ್ಯಾಯವಂತ ಎಂದು ಮೇಷ್ಟರ ತಾಳ್ಮೆಯಿಂದ ಬಿಡಿಸಿ ಹೇಳುತ್ತಾನೆ. ನನಗೆ ಅವನು ಇಷ್ಟ.

ಲೋಕವೇ ಒಂದು ತಪ್ಪು ಎಂದಮೇಲೆ ದೇಹದ ಗತಿ ಏನು? ಅಸಲು ಜಗಳ ಇಲ್ಲಿ, ಅದೂ ಊಟದ ಎಲೆಯ ಮುಂದೆ. ಯೇಸುವಿಗೆ ನಮ್ಮಂಥ ದೇಹವೇ ಇರಲಿಲ್ಲ, ಇದ್ದಂತೆ ತೋರಿತಷ್ಟೇ ಎನ್ನುವವರಿದ್ದರು. ಅದಕ್ಕೇ ಎರಡನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಯೇಸು ನಿಜವಾಗಿ ಹುಟ್ಟಿದ, ಉಂಡ, ಕುಡಿದ, ನಿಜವಾಗಿ ಸತ್ತ ಎಂದು ಒತ್ತಿ ಒತ್ತಿ ಬರೆದದ್ದು. ವ್ಯಾಲೆಂಟೈನಸ್ ಮಧ್ಯದ ದಾರಿ ಹುಡುಕಿದ: ಯೇಸು ಉಂಡದ್ದು ನಿಜ, ಆದರೆ ಉಂಡದ್ದು ದೇಹದಿಂದ ಹೊರಗೆ ಹೋಗುತ್ತಿರಲಿಲ್ಲ! ತಮಾಷೆಗೆ ಹೇಳುತ್ತಿಲ್ಲ, ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಅವನ ಮಾತನ್ನು ಹಾಗೆಯೇ ಉದ್ಧರಿಸಿದ್ದಾನೆ. ಬ್ಯಾಸಿಲಿಡೀಸ್ ಎಂಬ ಇನ್ನೊಬ್ಬ ಗ್ನಾಸ್ಟಿಕನ ಪ್ರಕಾರ ಶಿಲುಬೆಯ ಮೇಲೆ ಸತ್ತವನು ಯೇಸುವಿನ ಶಿಲುಬೆ ಹೊತ್ತ ಸಿರೇನಿನ ಸಿಮೋನ, ಯೇಸು ಪಕ್ಕದಲ್ಲಿ ನಿಂತು ನಗುತ್ತಿದ್ದ ಎಂದು ಐರೇನಿಯಸ್ ದೂರುತ್ತಾನೆ.

ಐರೇನಿಯಸ್‌ನ ಮರುಪ್ರಶ್ನೆಯೂ ಊಟದ್ದೇ. ಪ್ರಭುವಿನ ದೇಹ, ರಕ್ತ ಎಂದು ನಂಬಿ ಇಗರ್ಜಿಯ ಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿ, ದ್ರಾಕ್ಷಾರಸ ಈ ಮಣ್ಣಿನಿಂದಲೇ ಬಂದವು. ಈ ಮಣ್ಣು ಬೇರೆ ಯಾರದೋ ಆಗಿದ್ದರೆ, ಆ ರೊಟ್ಟಿ ಪ್ರಭುವಿನ ದೇಹವಾಗುವುದು ಹೇಗೆ?

ನಮಗೆ ಬಹುಕಾಲ ಕೇಳುತ್ತಿದ್ದದ್ದು ಹೆಚ್ಚಾಗಿ ಇಂಥ ವಿರೋಧಿಗಳ ದನಿ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ರೈತರಿಗೆ ಒಂದು ಮಣ್ಣಿನ ಜಾಡಿ ಸಿಕ್ಕಿತು. ಅದರೊಳಗಿದ್ದದ್ದು ಈಜಿಪ್ಟಿನ ಹಳೆಯ ಕಾಪ್ಟಿಕ್ ಭಾಷೆಯ 13 ಹೊತ್ತಿಗೆಗಳು, ಐವತ್ತಕ್ಕೂ ಹೆಚ್ಚು ಕೃತಿಗಳು. ಕೆಲವು ಹಾಳೆಗಳನ್ನು ತನ್ನ ತಾಯಿ ಒಲೆಗೆ ಹಾಕಿದಳೆಂದು ಜಾಡಿ ಸಿಕ್ಕ ರೈತನೇ ಹೇಳಿದ್ದ. ಅಲ್ಲಿದ್ದ ‘ಫಿಲಿಪ್ಪನ ಸುವಾರ್ತೆ’, ಪ್ರಭು ಮೊದಲು ಸತ್ತು ಆಮೇಲೆ ಎದ್ದ ಎನ್ನುವವರು ತಪ್ಪುತ್ತಾರೆ, ಅವನು ಮೊದಲು ಎದ್ದ, ಆಮೇಲೆ ಸತ್ತ ಎನ್ನುತ್ತದೆ. ಇಲ್ಲಿ ಪುನರುತ್ಥಾನವೆಂದರೆ ಗೋರಿಯಿಂದ ಏಳುವುದಲ್ಲ, ಬದುಕಿರುವಾಗಲೇ ಎಚ್ಚರವಾಗುವುದು.

ಈಗ ನಿನ್ನ ಅದ್ವೈತ. ಅರಿವಿನಿಂದ ಬಿಡುಗಡೆ ಎಂಬಷ್ಟು ಹೋಲಿಕೆ ಇದೆ, ಒಪ್ಪುತ್ತೇನೆ. ಆದರೆ ಶಂಕರರಿಗೆ ಲೋಕ ಹಗ್ಗದಲ್ಲಿ ಕಂಡ ಹಾವು. ದೀಪ ತಂದರೆ ಹಾವಿಲ್ಲ, ಅದನ್ನು ಅಲ್ಲಿ ತಂದಿಟ್ಟ ಕಿಡಿಗೇಡಿಯೂ ಇಲ್ಲ. ಗ್ನಾಸ್ಟಿಕರ ಲೋಕದಲ್ಲಿ ಹಾವಿಗೆ ಸಿಂಹದ ಮುಖವಿದೆ, ಹೆಸರಿದೆ, ಕಾವಲಿಗೆ ಪಡೆಯಿದೆ. ಅಲ್ಲಿ ಆದದ್ದು ಭ್ರಮೆಯಲ್ಲ, ಅಪಘಾತ.

ಇಗರ್ಜಿಯಲ್ಲಿ ಇಂದಿಗೂ ಹೇಳುವ ವಿಶ್ವಾಸಪ್ರಮಾಣ, ಭೂಮಿಯನ್ನೂ ಆಕಾಶವನ್ನೂ ಸೃಷ್ಟಿಸಿದ ತಂದೆಯಲ್ಲಿ ನಂಬಿಕೆಯಿದೆ ಎಂದೇ ಶುರುವಾಗುತ್ತದೆ. ಈ ಜಗಳ ತಿಳಿದಮೇಲೆ ಆ ಸಾಲು ನನಗೆ ಬರೀ ಸ್ತುತಿಯಾಗಿ ಕೇಳಿಸುತ್ತಿಲ್ಲ, ಯಾರಿಗೋ ಕೊಟ್ಟ ಉತ್ತರದಂತೆ ಕೇಳಿಸುತ್ತದೆ.

ಕೊನೆಗೆ ಎರಡು ಊಟ. ‘ತೋಮನ ಕೃತ್ಯಗಳು’ ಎಂಬ ಸಿರಿಯಾದ ಹಳೆಯ ಕೃತಿಯಲ್ಲಿ ಗ್ನಾಸ್ಟಿಕರ ಛಾಯೆಯ ಒಂದು ಹಾಡಿದೆ. ಭಾರತದ ಸೆರೆಮನೆಯೊಂದರಲ್ಲಿ ಕುಳಿತು ಯೇಸುವಿನ ಶಿಷ್ಯ ತೋಮ ಅದನ್ನು ಹಾಡುತ್ತಾನಂತೆ. ಸರ್ಪದ ಕಾವಲಿನ ಮುತ್ತನ್ನು ತರಲು ರಾಜಕುಮಾರನೊಬ್ಬ ಈಜಿಪ್ಟಿಗೆ ಹೋಗುತ್ತಾನೆ. ಅಲ್ಲಿಯವರ ಊಟ ಉಂಡು ತಾನು ಯಾರೆಂಬುದನ್ನೇ ಮರೆತು ಮಲಗುತ್ತಾನೆ. ತಂದೆತಾಯಿ ಬರೆದ ಪತ್ರ ಹದ್ದಾಗಿ ಹಾರಿಬಂದು ಅವನನ್ನು ಎಬ್ಬಿಸುತ್ತದೆ. ಇತ್ತ ಲೂಕನ ಸುವಾರ್ತೆಯಲ್ಲಿ ಸತ್ತು ಎದ್ದುಬಂದ ಯೇಸು, ಭೂತವನ್ನು ಕಂಡವರಂತೆ ಬೆದರಿದ ಶಿಷ್ಯರನ್ನು ಕೇಳುವುದು ‘ತಿನ್ನಲು ಏನಾದರೂ ಇದೆಯೇ’ ಎಂದು. ಅವರು ಸುಟ್ಟ ಮೀನಿನ ತುಂಡು ಕೊಡುತ್ತಾರೆ. ಅವರೆದುರೇ ತಿನ್ನುತ್ತಾನೆ.

ಕರಾವಳಿಯವನಾದ ನೀನು ಯಾರ ಪಂಕ್ತಿಯಲ್ಲಿ ಕೂರುತ್ತೀ ಎಂದು ಕೇಳಬೇಕಾಗಿಲ್ಲ.

ನಿನ್ನ ಹಳೆಯ ಗೆಳೆಯ