ಬಿಟ್ಟು ಬಂದರೆ ಬದುಕುತ್ತವಾ?

ಮಾನ್ಯರೇ,

ಸಾಕಿದ ಪ್ರಾಣಿಯನ್ನು ಊರಾಚೆ ಬಿಟ್ಟು ಬರುವವರು ಹೇಳುವ ಮಾತು ಒಂದೇ: ‘ಹೇಗೋ ಬದುಕಿಕೊಳ್ಳುತ್ತೆ ಬಿಡಿ’. ಬೆಕ್ಕಿನ ಮಟ್ಟಿಗೆ ಇದು ಸ್ವಲ್ಪ ನಿಜ. ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮರಿಯನ್ ದ್ವೀಪಕ್ಕೆ ಇಲಿ ಹಿಡಿಯಲೆಂದು 1949ರಲ್ಲಿ ಐದು ಬೆಕ್ಕುಗಳನ್ನು ಒಯ್ದಿದ್ದರು. 1977ರ ಹೊತ್ತಿಗೆ ಅವು ಸುಮಾರು 3,400 ಆಗಿದ್ದವು. ಯಾರೂ ಹಾಲು ಹಾಕಿರಲಿಲ್ಲ. ಕಡಲ ಹಕ್ಕಿಗಳನ್ನು ತಿಂದೇ ಬೆಳೆದವು. ಪಾಪ, ಹಕ್ಕಿಗಳು!

ನಾಯಿ ಹಾಗಲ್ಲ. ನಮ್ಮ ಬೀದಿನಾಯಿ ಬದುಕುವುದೂ ಹೋಟೆಲಿನ ಎಂಜಲು, ಕೋಳಿ ಅಂಗಡಿಯ ಕಸ, ಯಾರೋ ಹಾಕುವ ಬಿಸ್ಕತ್ತಿನ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲ್ ಮುಚ್ಚಿದಾಗ ನಮ್ಮ ಬೀದಿಯ ನಾಯಿಗಳ ಪಕ್ಕೆಲುಬು ಎಣಿಸಬಹುದಿತ್ತು. ಇನ್ನು ಪಗ್ ತಳಿಯ ನಾಯಿಯ ಕಥೆ ಕೇಳಲೇಬೇಡಿ. ಆ ಚಪ್ಪಟೆ ಮೂಗಿನಲ್ಲಿ ಉಸಿರಾಡುವುದೇ ಕಷ್ಟ, ಬಿಸಿಲಲ್ಲಿ ಓಡಿ ಏನು ಹಿಡಿದೀತು?

ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೆ ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ! ಒಂದು ಮಸಾಲೆ ದೋಸೆಯೂ ಬರುವುದಿಲ್ಲ, ಅಲ್ವಾ? ಮೊದಲು ಇದನ್ನು ಏರಿಸಲಿ.

– ಒಬ್ಬ ಓದುಗ, ಶಿವಮೊಗ್ಗ